ಹೊಸ್ತಿಲಿನ ಅರಿಷಿಣ

ಪುಣೆ
೯ ಮೇ ೨೦೦೮

ಚಿ. ವಿನೀತನಿಗೆ ಮಾವಶಿಯ ಆಶೀರ್ವಾದ.

ರೊಮೇನಿಯಾಕ್ಕ ಹೊಂಟೀದಿ, ಸಿಬಿಯು ಊರಾಗ ಎಲ್ಲಿ ಇಳಕೋಬೇಕು, ಏನು ನೋಡಬೇಕು ಅಂತ ಕೇಳಿದಿ. ಹ್ವಾದ ವರ್ಷ ಕಂಪನಿ ಕೆಲಸಕ್ಕ ಅಲ್ಲಿಗೆ ಹೋದಾಗ ನನ್ನನ್ನೂ ಕರಕೊಂಡು ಹೋದಾಕಿ ನಮ್ಮ ಹರ್ಷದಾ. ಆಕಿನ್ನ ಕೇಳೂದು ಬಿಟ್ಟು ನನ್ನ ಯಾಕ ಕೇಳಿದಿಯೋ!

ದೊಡ್ಡ ಚೌಕದ ಹಿಂದಿನ ಓಣಿಯೊಳಗ ಒಬ್ಬಾಕಿ ಮುದುಕಿ ಖೋಲಿ ಬಾಡಿಗಿ ಕೊಡತಾಳ. ಹಳೇ ಕಾಲದ ಕಲ್ಲಿನ ಮನಿ, ಭಾಳ ಸ್ವಚ್ಛ. ಅಲ್ಲೇ ಇಳಕೋ. ಆದರ ನಮ್ಮ ಹೆಸರು ಹೇಳಬ್ಯಾಡ. ಶುಕ್ರವಾರ ಮುಂಜಾನೆ ಆ ಮನಿ ಹೊಸ್ತಿಲ ಬೋಳಬೋಳ ಕಂಡು ನನಗ ತಡೀಲಿಲ್ಲ. ಪುಣೆಯಿಂದ ಒಯ್ದ ಅರಿಷಿಣ ಕಲಿಸಿ ಉದ್ದಕ್ಕೂ ಬಳದು ಕುಂಕುಮ ಇಟ್ಟೆ. ಬಿಳೇ ಕಲ್ಲು, ಅರಿಷಿಣ ಕುಡದುಬಿಡ್ತು. ಆಫೀಸಿಗೆ ಹೊಂಟು ನಿಂತಿದ್ದ ನನ್ನ ಮಗಳು ಹರ್ಷದಾ ಇಸ್ತ್ರಿ ಪ್ಯಾಂಟಿನಾಗ ಮೊಣಕಾಲೂರಿ ಆ ಕಲೆ ತಿಕ್ಕಿದಳು. ಮುದುಕಿ ನೋಡಕೋತ ನಿಂತಳು. ನಾ ಒಳಗ ಹೋಗಿ ಮಡಚಿದ್ದ ಹಾಸಿಗಿನ್ನೇ ಮತ್ತ ಮಡಚಿದೆ.

ನೋಡೂದಂದ್ರ, ಚೌಕದಾಗ ಮನಿಗಳ ಹಂಚಿನ ಮ್ಯಾಲೆ ಕಣ್ಣಿನಂಥಾ ಕಿಟಕಿ ಅದಾವ. ಅವತ್ತು ಎಲ್ಲಾ ನನ್ನನ್ನೇ ನೋಡಿಧಂಗ ಅನಿಸ್ತು. ಥಂಡಿ ಭಾಳ, ದಪ್ಪ ಸ್ವೆಟರ್ ಒಯ್ಯಿ. ಸಮೀಪ ಒಂದು ಕಬ್ಬಿಣದ ಸೇತುವೆ ಅದ. ಅದರ ಮ್ಯಾಲೆ ನಿಂತು ಸುಳ್ಳು ಹೇಳಿದರ ಕುಸೀತದ ಅಂತಾರ. ಅಲ್ಲಿ ಹರ್ಷದಾ ನನ್ನ ಕೈ ಹಿಡದು, "ಅವ್ವಾ, ನನಗ ಸಿಟ್ಟೇನೂ ಇಲ್ಲ" ಅಂದಳು.

ಸೇತುವೆ ಅಲ್ಲಾಡಲಿಲ್ಲ. ನಾ ಮಾತ್ರ ದಾಟೂತನಾ ಕಂಬಿ ಬಿಡಲಿಲ್ಲ.

ನಿನ್ನ
ನರ್ಮದಾ ಮಾವಶಿ