ಹೆಸರಿಲ್ಲದ ಪ್ರಾರ್ಥನೆ ಚೀಟಿ

ಏಪ್ರಿಲ್ 7, ಭಾನುವಾರ

ಎಂದಿನಂತೆ ಆರಾಧನೆಗೆ ಮೊದಲು ಪ್ರಾರ್ಥನೆ ಡಬ್ಬಿ ತೆರೆದೆ. ಒಂಬತ್ತು ಚೀಟಿ. ಶುಗರ್, ಮಗಳ ಮದುವೆ, ಸಿಇಟಿ, ಬೋರ್‌ವೆಲ್. ಒಂಬತ್ತನೆಯದಕ್ಕೆ ಹೆಸರಿಲ್ಲ — "ಕರ್ತನೇ, ನಮ್ಮ ಚರ್ಚಿಗೆ ಯಾರು ಒಳ್ಳೇದು ಮಾಡ್ತಾರೆ ಅಂತಲ್ಲ, ಬಡವರಿಗೆ ಯಾರು ಮಾಡ್ತಾರೆ ಅಂತ ನೋಡಿ ವೋಟು ಹಾಕುವ ಮನಸ್ಸು ಕೊಡು."

ಹೆಸರಿಲ್ಲದ್ದನ್ನೂ ಆರಾಧನೆಯಲ್ಲಿ ಗಟ್ಟಿಯಾಗಿ ಓದಬೇಕು, ಬರೆದವರು ಯಾರೆಂದು ಕೇಳಬಾರದು. ನಮ್ಮ ಸಭೆಯ ಪದ್ಧತಿ. ಸೆಕ್ರೆಟರಿಯಾದ ಆರು ವರ್ಷದಲ್ಲಿ ಒಮ್ಮೆಯೂ ತಪ್ಪಿಸಿಲ್ಲ. ಇವತ್ತು ಎಂಟೇ ಓದಿದೆ. ಒಂಬತ್ತನೆಯದು ಜೇಬಿಗೆ.

ಇದು ಪ್ರಾರ್ಥನೆಯಲ್ಲ, ಪ್ರಚಾರ. ಹೋದ ವಾರ ತಾನೇ ಎಲ್ಲರೆದುರು ಹೇಳಿದ್ದೆ — ನಮ್ಮನ್ನು ನೆಮ್ಮದಿಯಾಗಿ ಪ್ರಾರ್ಥಿಸಲು ಬಿಡುವ ಪಕ್ಷವೇ ವಿಶ್ವಾಸಿಗಳ ಪಕ್ಷ ಎಂದು. ಅದಕ್ಕೇ ಈ ಉತ್ತರ. ಪಕ್ಷದ ಹೆಸರು ಇಲ್ಲಿ ಬರೆಯುವುದಿಲ್ಲ. ಡೈರಿ ಯಾರ ಕೈಗೆ ಸಿಗುತ್ತದೋ...

ಏಪ್ರಿಲ್ 8

ಗುಬ್ಬಿ ಬಸ್ಸಿನಲ್ಲಿ ಚೀಟಿಯನ್ನು ಮತ್ತೆ ನೋಡಿದೆ. ನೀಲಿ ಪೆನ್ನು. ದುಂಡನೆ ಅಕ್ಷರ. ರವಿಕಿರಣನೇ ಇರಬೇಕು — ನನ್ನ ಹೆಂಡತಿ ಮೋನಿಕಾಳ ತಮ್ಮ. ಕುಣಿಗಲ್‌ನಲ್ಲಿ ಎದುರು ಪಕ್ಷದ ಶಾಲು ಹಾಕಿಕೊಂಡು ಓಡಾಡುತ್ತಾನೆ. ಈಸ್ಟರ್‌ಗೆ ನಮ್ಮ ಚರ್ಚಿಗೇ ಬಂದಿದ್ದ. ಡಬ್ಬಿಯ ಪಕ್ಕ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಫೋನೋ, ನಾಟಕವೋ.

ಮೋನಿಕಾಗೆ ಚೀಟಿ ತೋರಿಸಲಿಲ್ಲ. ವಿಷಯ ಮಾತ್ರ ಹೇಳಿದೆ. ಹೆಂಡತಿಯೇ ಆದರೂ ತಮ್ಮನ ಕಡೆಯವಳು.

"ಓದ್ಬಿಡ್ಬೋದಿತ್ತಲ್ಲ ರೀ," ಎಂದಳು. ಅಷ್ಟೇ. ಪಾತ್ರೆ ತೊಳೆಯಲು ಎದ್ದುಹೋದಳು.

ಏಪ್ರಿಲ್ 13, ಶನಿವಾರ

ಕುಣಿಗಲ್‌ಗೆ ಹೋಗಿಬಂದೆ. ಒಂದು ಅಡ್ರೆಸ್ ಬರೆದುಕೊಡು ಎಂದು ರವಿಕಿರಣನ ಕೈಗೆ ಪೆನ್ನು ಕೊಟ್ಟೆ. ಕೋಳಿ ಕೆದಕಿದ ಹಾಗೆ ಬರೆದ. ಹೊಂದುವುದಿಲ್ಲ. ಬೇರೆ ಯಾರ ಕೈಲೋ ಬರೆಸಿರಬಹುದು. ಕೇಳಿಯೇಬಿಟ್ಟೆ.

"ಭಾವ, ವೋಟ್ ಬೇಕಾದ್ರೆ ಮನೆ ಬಾಗ್ಲಿಗೇ ಬಂದು ಕೇಳ್ತೀನಿ. ದೇವ್ರ ಡಬ್ಬಿಗೆ ಯಾಕ್ ಕೈ ಹಾಕ್ಲಿ?"

ಊಟಕ್ಕೆ ಏಳಿ ಎನ್ನಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬನ್ನು ತಿಂದೆ.

ಏಪ್ರಿಲ್ 14

ಇವತ್ತೂ ಆ ಚೀಟಿ ಓದಲಿಲ್ಲ. ಕೊಯರ್ ಹಾಜರಿ, ಸಂಡೇ ಸ್ಕೂಲ್ ರಿಜಿಸ್ಟರ್, ಎಲ್ಲ ಅಕ್ಷರ ಹೋಲಿಸಲು ಮನೆಗೆ ತಂದೆ. ಬಾಗಿಲಲ್ಲಿ ನಿಂತು ಎಲ್ಲರನ್ನೂ ಬರಮಾಡಿಕೊಳ್ಳುವ ಹಿರಿಯರು ತಿಪ್ಪಯ್ಯ — ಅವರ ಅಕ್ಷರ ಸ್ವಲ್ಪ ಹೊಂದುತ್ತದೆ. ನಮ್ಮ ಪಾದ್ರಿ ಅಯ್ಯನವರಿಗೆ ಹೇಳಿದೆ.

"ಉದಯಕುಮಾರ್, ಬರ್ದೋರು ದೇವ್ರನ್ನ ಕೇಳವ್ರೆ. ನಿಮ್ಮನ್ನಲ್ಲ," ಎಂದರು.

ಅಯ್ಯನವರೂ ಆ ಕಡೆಯೇ ಇರಬಹುದು.

ಮೇಜಿನ ಮೇಲಿನ ರಿಜಿಸ್ಟರ್ ರಾಶಿ ನೋಡುತ್ತ ಮೋನಿಕಾ ನಿಂತಳು. ಏನೋ ಹೇಳಲು ಬಾಯಿ ತೆರೆದಳು.

"ತಿಪ್ಪಯ್ಯನೋರೋ ಮತ್ಯಾರೋ, ಗೊತ್ತಾಗ್ಲಿ, ಕಮಿಟಿ ಮುಂದೆ ನಿಲ್ಲಿಸ್ತೀನಿ," ಎಂದೆ.

ಒಳಗೆ ಹೋದಳು.

ಏಪ್ರಿಲ್ 21, ಭಾನುವಾರ. ಬೆಳಿಗ್ಗೆ 8.20, ಚರ್ಚಿನ ಹಿಂದಿನ ಕೋಣೆ

ಐದು ಚೀಟಿ. ಐದನೆಯದು ಅದೇ ದುಂಡನೆ ಅಕ್ಷರ. ಈ ಸಲ ಹೆಸರಿದೆ.

"ಕರ್ತನೇ, ಆವತ್ತಿನ ಚೀಟಿ ನನ್ನದು. ನಮ್ಮ ಯಜಮಾನ್ರು ನನ್ನ ತಮ್ಮನ ಮೇಲೆ, ತಿಪ್ಪಯ್ಯನವರ ಮೇಲೆ ಅನುಮಾನ ಪಡ್ತಿದಾರೆ. ಮನೇಲಿ ನಿಜ ಹೇಳೋಕೆ ನನಗೆ ಭಯ. ಅದಕ್ಕೇ ಇಲ್ಲಿ ಹೇಳ್ತಿದೀನಿ. — ಮೋನಿಕಾ."

ಹದಿನೆಂಟು ವರ್ಷದ ಸಂಸಾರ. ಊರವರ ಅಕ್ಷರವನ್ನೆಲ್ಲ ಹೋಲಿಸಿದೆ. ಇವಳದ್ದು ಗುರುತು ಸಿಗಲಿಲ್ಲ. ದಿನಸಿ ಪಟ್ಟಿಯನ್ನೂ ವಾಟ್ಸಾಪ್‌ನಲ್ಲೇ ಕಳಿಸುತ್ತಾಳೆ.

ನನಗೆ ಹೆದರುತ್ತಾಳೆಂದು ಗೊತ್ತಿರಲಿಲ್ಲ. ಇಲ್ಲ — ಗೊತ್ತಿತ್ತು. ನಾಚಿಕೆಯಾಗುತ್ತಿದೆ.

8.28. ಆರಾಧನೆಯ ಎರಡನೇ ಗಂಟೆ ಬಾರಿಸಿತು. ಬಾಗಿಲ ಸಂದಿಯಿಂದ ಕಾಣುತ್ತಾಳೆ — ಮೂರನೇ ಬೆಂಚು, ತಲೆ ಮೇಲೆ ಸೆರಗು. ಇತ್ತಲೇ ನೋಡುತ್ತಿದ್ದಾಳೆ. ಓದದಿದ್ದರೆ ನಾನೆಂಥವನೆಂದು ಅವಳೊಬ್ಬಳಿಗೆ ಗೊತ್ತಾಗುತ್ತದೆ. ಓದಿದರೆ ಇಡೀ ಸಭೆಗೆ.

ಅಯ್ಯನವರು ಕರೆಯುತ್ತಿದ್ದಾರೆ. ಮೊದಲು ಹಳೆಯ ಚೀಟಿ ಓದುತ್ತೇನೆ. ತಿಪ್ಪಯ್ಯನವರ ಎದುರಿಗೇ. ಆಮೇಲೆ ಐದನೆಯದನ್ನೂ.