ಅಖಾಡಕ್ಕೆ ಮೊದಲ ಪಾಲು

ಪರಾಭವ ಸಂವತ್ಸರ, ನಾಗರಪಂಚಮಿಯ ಮರುದಿನ
ಇಸವಿ 2206
ತೋರಣಹಾಳ, ಘಟಪ್ರಭೆಯ ದಂಡೆ

ತೋರಣಹಾಳ ಗರಡಿಯ ಹಿರಿಯರಿಗೂ ಪೈಲ್ವಾನರಿಗೂ ಅದೇ ಗರಡಿಯ ವಸ್ತಾದ ಯಮನವ್ವ ಮಾಡುವ ಶರಣು.

ತಾರೀಖು ನೋಡಿ ನಗಬೇಡಿ. ನೀವು ಇದನ್ನು ಓದುವ ವರ್ಷವೂ ಪರಾಭವವೇ. ಅರವತ್ತು ವರ್ಷದ ಚಕ್ರ ಮೂರು ಸಲ ತಿರುಗಿ ಅದೇ ಹೆಸರು ನಮ್ಮ ಬಾಗಿಲಿಗೂ ಬಂದಿದೆ. ಕುಸ್ತಿ ಕಲಿಸುವ ವಸ್ತಾದ ಹೆಂಗಸೇ ಎಂದು ಹುಬ್ಬೇರಿಸಲೂ ಬೇಡಿ, ಆ ಕಾಲ ಎಂದೋ ಮುಗಿಯಿತು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮಲ್ಲಿ ಇಲ್ಲದ ವಸ್ತುಗಳಿಗೆ ನಿಮ್ಮ ಮಾತನ್ನು ನಾನೆಲ್ಲಿಂದ ತರಲಿ? ಹಿಂದಿನವರಿಗೆ ಬರೆಯುವ ಈ ಟಪಾಲು ನಮ್ಮಲ್ಲಿ ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ ಸಿಗುತ್ತದೆ. ಎಲ್ಲರೂ ತೀರಿಕೊಂಡ ತಾಯಿಗೋ ಗಂಡನಿಗೋ ಬರೆಯುತ್ತಾರೆ. ನಾನು ಮುಖ ನೋಡದ ನಿಮಗೆ ಬರೆಯುತ್ತಿದ್ದೇನೆ, ಅದೂ ಸಿಟ್ಟಿನಿಂದ. ನನ್ನ ಮೊಮ್ಮಗಳು ಬಾಳವ್ವ ಸಾಯುತ್ತಿದ್ದಾಳೆ. ಅವಳ ಸಾವು ನಿಮ್ಮ ಗರಡಿಯಲ್ಲಿ, ನಿಮ್ಮ ಈ ವರ್ಷವೇ ಶುರುವಾಗುತ್ತದೆ.

ಮೊದಲು ನಮ್ಮ ಬಾಳುವೆ ಹೇಗಿದೆ ಎಂದು ತಿಳಿದುಕೊಳ್ಳಿ. ಬೆಳಿಗ್ಗೆ 'ಏರು' ಎಂಬ ಹನಿ ನಾಲಿಗೆಗೆ ಬಿದ್ದರೆ ನಮಗೆ ಕಣ್ಣು ತೆರೆಯುತ್ತದೆ, ಸಂಜೆ 'ಇಳಿವು' ಬಿದ್ದರೆ ಮುಚ್ಚುತ್ತದೆ. ನಡುವಿನ ದುಡಿಮೆಗೆ, ಓಟಕ್ಕೆ, ಕುಸ್ತಿಗೆ ಕಸುವೆಣ್ಣೆ ಇದೆ. ಇದು ಚರ್ಮದೊಳಗೆ ಇಳಿದು ಮಾಂಸ ಬೆಳೆಸುವ ಎಣ್ಣೆ, ನಿಮ್ಮ ಕಾಲದ ಸೂಜಿ, ಗುಳಿಗೆ, ಡಬ್ಬಿ ಪುಡಿಗಳ ಮರಿಮಗ ಎಂದು ತಿಳಿಯಿರಿ. ನಮ್ಮ ಹುಡುಗರು ತುಂಬಿದ ಬಂಡಿಯನ್ನು ಒಂದೇ ಕೈಯಲ್ಲಿ ಎಳೆಯುತ್ತಾರೆ, ಆದರೆ ಮಾಳಿಗೆ ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾರೆ. ಗುಂಡಿಗೆಯೂ ಮಾಂಸವೇ ಅಲ್ಲವೇ? ತೋಳಿನ ಜೊತೆ ಅದೂ ದಪ್ಪವಾಗುತ್ತದೆ. ಕಡೆಗೆ ಅದರೊಳಗೆ ರಕ್ತ ನಿಲ್ಲಲು ಜಾಗವಿರುವುದಿಲ್ಲ. ಇದಕ್ಕೆ ಬಿಗಿಗುಂಡಿಗೆ ಎನ್ನುತ್ತೇವೆ. ಸಂತೆಯಲ್ಲಿ ಹೆಂಗಸರ ಗಡ್ಡ ಬೋಳಿಸುವ ಅಂಗಡಿಗಳಿವೆ. ಮನೆಗಳಿಗೆ ಬಾಗಿಲು ಹಚ್ಚುವುದನ್ನು ಬಿಟ್ಟಿದ್ದೇವೆ, ಯಾಕೆಂದರೆ ಸಣ್ಣ ಮಾತಿಗೂ ಸಿಟ್ಟು ನೆತ್ತಿಗೇರಿ ಯಾರಾದರೂ ಮುರಿದು ಹಾಕುತ್ತಾರೆ. ತೊಟ್ಟಿಲು ಕಟ್ಟಿದ ಮನೆಯನ್ನು ನೋಡಲು ಪಕ್ಕದ ಊರಿನವರೂ ಬರುತ್ತಾರೆ. ನಲವತ್ತು ದಾಟಿದವರಿಗೆ ಕಟ್ಟೆಯ ಮೇಲೆ ಹಿರಿಯರ ಜಾಗ.

ನನಗೆ ಐವತ್ತಾರು. ಕಸುವೆಣ್ಣೆ ಹಚ್ಚಿದರೆ ನನಗೆ ಮೈಯೆಲ್ಲ ಗುಳ್ಳೆ ಏಳುತ್ತಿದ್ದವು, ಅದಕ್ಕೇ ಉಳಿದುಕೊಂಡೆ. ಅಖಾಡದ ಮಣ್ಣು ಮುಟ್ಟಿದರೂ ಅದೇ ಗುಳ್ಳೆ. ಹನುಮಪ್ಪನಿಗೆ ನಾನು ಬೇಡವಾಗಿದ್ದೇನೆ ಎಂದು ಊರವರು ಅಂದರು, ನಾನೂ ನಂಬಿದೆ. ಹಾಗಾಗಿ ಕಟ್ಟೆಯ ಮೇಲೆ ನಿಂತು, ಕೋಲು ಹಿಡಿದು, ಬಾಯಿ ಮಾಡಿಯೇ ಪಟ್ಟು ಕಲಿಸಿದವಳು ನಾನು. ನನ್ನ ಮಗಳು ಸಂಗವ್ವ ಮಾತ್ರ ಎಣ್ಣೆ ಹಚ್ಚಿ ಮೆರೆದಳು. ಕೊನೆಯ ಕುಸ್ತಿಯಲ್ಲಿ ಗೆದ್ದಳೆಂದು ಅವಳ ಕೈ ಎತ್ತಿ ಹಿಡಿದರು, ಆ ಕೈ ಇಳಿಸುವಷ್ಟರಲ್ಲಿ ಅವಳಿರಲಿಲ್ಲ. ತೊಡೆಯ ಮೇಲೆ ಕೂರುವ ಮಗುವಾಗಿದ್ದ ಬಾಳವ್ವನನ್ನು ಎತ್ತಿಕೊಂಡು ಅಂದೇ ಆಣೆ ಮಾಡಿದೆ, ಈ ಕೂಸನ್ನು ಹಸಿಮೈಯಲ್ಲೇ ಬೆಳೆಸುತ್ತೇನೆಂದು. ಏನನ್ನೂ ಹಚ್ಚದ, ಏನನ್ನೂ ನುಂಗದ ಮೈಗೆ ನಾವು ಹಸಿಮೈ ಎನ್ನುತ್ತೇವೆ. ಅವಳಿಗೆ ಬೇರೆ ಬಾವಿಯ ನೀರು ಕೊಟ್ಟೆ, ನಾನೇ ಬಿತ್ತಿದ ಜೋಳದ ರೊಟ್ಟಿ, ಹೆಸರುಕಾಳಿನ ಉಸುಳಿ ತಿನ್ನಿಸಿದೆ. ದಂಡ ಹೊಡೆದು, ಬಸ್ಕಿ ಹೊಡೆದು, ಹಗ್ಗ ಹತ್ತಿ ಆ ಹುಡುಗಿ ಸಣ್ಣ ಬಿದಿರಿನ ಹಾಗೆ ಬೆಳೆಯಿತು. ಎಲ್ಲರ ಕೈಯಲ್ಲೂ ಸೋಲುತ್ತಿತ್ತು. ಬಿದ್ದಲ್ಲೇ ಮಲಗಿ, "ಬಿದ್ರ ಏನಾತ ಆಯಿ, ನೆಲಾ ಏನ್ ಬ್ಯಾರೇದವ್ರದ?" ಎಂದು ಹಲ್ಲು ಕಿರಿಯುತ್ತಿತ್ತು. ಪಂಚಮಿಯ ದಿನ ಹಸಿಮೈಯವರಿಗಷ್ಟೇ ಒಂದು ಕುಸ್ತಿ ನಡೆಯುತ್ತದೆ. ಅದರಲ್ಲಿ ಒಮ್ಮೆ ಇಳಿಯಬೇಕು, ಅದೊಂದೇ ಅವಳ ಆಸೆಯಾಗಿತ್ತು.

ಈಗ ಮಣ್ಣಿನ ಮಾತಿಗೆ ಬರುತ್ತೇನೆ. ನಿಮಗೆ ಗೊತ್ತೇ ಇದೆ, ನಮ್ಮ ಗರಡಿಯಲ್ಲಿ ಮಣ್ಣನ್ನು ಹೊರಗೆ ಹಾಕುವುದಿಲ್ಲ. ಮಜ್ಜಿಗೆ, ಅರಿಸಿನ, ಕರ್ಪೂರ, ನಿಂಬೆರಸ ಬೆರೆಸಿ ಅದನ್ನೇ ಹದ ಮಾಡುತ್ತೇವೆ. ಇಳಿಯುವ ಮೊದಲು ಒಂದು ಚಿಟಿಕೆ ನಾಲಿಗೆಗೆ ಇಟ್ಟು, ಒಂದು ಹಿಡಿ ಮೈಗೆ ತಿಕ್ಕಿಕೊಳ್ಳುತ್ತೇವೆ. ದಣಿದ ಮಕ್ಕಳನ್ನು ಕುತ್ತಿಗೆಯವರೆಗೆ ಅದರಲ್ಲೇ ಹೂತು ತಂಪು ಮಾಡುತ್ತೇವೆ. ಪೈಲ್ವಾನ ಸತ್ತರೆ ಅದೇ ಮಣ್ಣನ್ನು ಒಂದು ಹಿಡಿ ಎದೆಯ ಮೇಲೆ ಇಟ್ಟು ಕಳಿಸುತ್ತೇವೆ. ಗರಡಿಗೆ ಹೊಸದೇನು ಬಂದರೂ ಮೊದಲ ಪಾಲು ಅಖಾಡಕ್ಕೆ: ಹೊಸ ಬೆಣ್ಣೆಯಾಗಲಿ, ಹೊಸ ಬಾದಾಮಿಯಾಗಲಿ, ಮೊದಲು ಮಣ್ಣಿಗೆ, ಆಮೇಲೆ ಮನುಷ್ಯರಿಗೆ.

ಕಳೆದ ವರ್ಷ ಬಾಳವ್ವನ ದನಿ ಒಡೆಯಿತು. ಹೆಗಲು ಅಗಲವಾಯಿತು, ಮೇಲ್ದುಟಿಯ ಮೇಲೆ ಕಪ್ಪು ಮೂಡಿತು. ಹದಿನಾಲ್ಕರ ಹುಡುಗಿ ನನ್ನ ದೊಡ್ಡ ದೊಡ್ಡ ಪೈಲ್ವಾನರನ್ನು ಚಿತ್ ಮಾಡತೊಡಗಿದಳು. ಊರು ಕಣ್ಣು ಮಿಟುಕಿಸಿತು. "ಯಾರ ಕೈಲೆ ಎಣ್ಣಿ ಹಚ್ಚಿಸ್ಕೊಂಡಿ, ಖರೇ ಹೇಳು" ಎಂದು ಕೇಳಿದೆ. ಅವಳು ಓಡಿಹೋಗಿ ಅಖಾಡದ ಮಣ್ಣು ಬೊಗಸೆಯಲ್ಲಿ ತಂದಳು. "ಈ ಮಣ್ಣಿನ ಆಣಿ, ನಾ ಏನೂ ಮುಟ್ಟಿಲ್ಲ" ಎಂದು ನನ್ನ ಕಣ್ಣೆದುರೇ ಅದನ್ನು ಬಾಯಿಗೆ ಹಾಕಿಕೊಂಡು ನುಂಗಿದಳು. ಹುಡುಗಿ ಸುಳ್ಳು ಹೇಳಿರಲಿಲ್ಲ.

ಸತ್ಯ ಹೇಳಿದ್ದು ನಮ್ಮ ಮನೆಯ ಕೋಳಿ. ಅಖಾಡ ಹದ ಮಾಡುವಾಗ ಅಂಚಿಗೆ ಚೆಲ್ಲಿದ ಮಣ್ಣಿನಲ್ಲಿ ದಿನವೂ ಹೊರಳಾಡುತ್ತಿದ್ದ ಹ್ಯಾಟೆ ಅದು. ಮೊಟ್ಟೆ ಇಡುವುದನ್ನು ಬಿಟ್ಟಿತು. ನೆತ್ತಿಯ ಜುಟ್ಟು ಕೆಂಪಗೆ ಬೆಳೆಯಿತು, ಕಾಲಿಗೆ ಮುಳ್ಳು ಬಂತು. ಒಂದು ಬೆಳಿಗ್ಗೆ ಕತ್ತು ಚಾಚಿ ಹುಂಜದ ಹಾಗೆ ಕೂಗಿತು. "ಹ್ಯಾಟಿ ಕೂಗೂದು ಮನಿಗೆ ಕೇಡು, ಕೊಯ್ದ ಹಾಕ್ರಿ" ಎಂದರು ನೆರೆಯವರು. ನಾನು ಕೊಯ್ಯಲಿಲ್ಲ. ಅದು ಕಾಲು ಕೆದರುತ್ತಿದ್ದ ಜಾಗವನ್ನೇ ನೋಡುತ್ತ ನಿಂತೆ, ನನ್ನ ಮೈಮೇಲೆ ಏಳುತ್ತಿದ್ದ ಗುಳ್ಳೆ ನೆನಪಾಯಿತು. ಮಣ್ಣನ್ನೂ ಮೊಮ್ಮಗಳನ್ನೂ ಪಟ್ಟಣದ ವೈದ್ಯರ ಹತ್ತಿರ ಒಯ್ದೆ. ಮಣ್ಣಿನಲ್ಲಿ ಕೊಳೆಯದೆ ಕೂತ ಔಷಧಗಳಿಗೆ ಹೆಸರು ಹೇಳಿ ಹೇಳಿ ಆ ವೈದ್ಯರಿಗೇ ಬಾಯಾರಿತು. ಬೆವರಿನಿಂದ ಇಳಿದದ್ದು ಸ್ವಲ್ಪ, ಭಕ್ತಿಯಿಂದ ಸುರಿದದ್ದೇ ಬಹಳ. ಬಾಳವ್ವನಿಗೆ ಬಿಗಿಗುಂಡಿಗೆ ಎಂದರು. ಹುಟ್ಟಿದಾಗಿನಿಂದ ಎಣ್ಣೆ ಕಂಡ ಮೈ ಅಷ್ಟಿಷ್ಟು ತಡೆದುಕೊಳ್ಳುತ್ತದಂತೆ, ಹಸಿಮೈ ತಡೆಯುವುದಿಲ್ಲವಂತೆ. ನಾನು ಕಾಪಾಡಿಕೊಂಡು ಬಂದ ಮೈ ಅದಕ್ಕೇ ಮೊದಲು ಸೋತಿತು.

ಮಣ್ಣು ತೆಗೆಸೋಣ ಎಂದು ಪಂಚರ ಮುಂದೆ ಅತ್ತೆ, ಬೈದೆ. ಹಿರಿಯ ಸತ್ಯೆಪ್ಪ ಒಳ್ಳೆಯವನೇ, ಅವನಿಗೂ ಕಣ್ಣು ತುಂಬಿತ್ತು. "ಮಣ್ಣ ತಗದ್ರ ಗರಡಿ ಅಂಬೂದು ಎಲ್ಲಿ ಉಳೀತೈತಿ ಯಮನವ್ವ? ನಮ್ಮ ಮುತ್ಯಾರೆಲ್ಲಾ ಅದರಾಗ ಅದಾರ" ಎಂದ. ಮಣ್ಣು ಅಲ್ಲೇ ಉಳಿಯಿತು. ನಿನ್ನೆ ಪಂಚಮಿ. ಹಸಿಮೈ ಕುಸ್ತಿಗೆ ಬಾಳವ್ವನನ್ನು ಇಳಿಸಲಿಲ್ಲ, ಅವಳ ರಕ್ತ ಹಸಿಯಲ್ಲ ಎಂದರು. ಅವಳು ಮಂಚದಲ್ಲಿ ಮಲಗಿಕೊಂಡೇ ಹಲಗೆಯ ಸದ್ದು ಕೇಳಿದಳು. ಆ ಮುಖವನ್ನು ನಾನು ಮರೆಯಲಾರೆ, ನಿಮ್ಮನ್ನು ಕ್ಷಮಿಸಲೂ ಆರೆ.

ಎಲ್ಲ ನಿಮ್ಮಿಂದಲೇ ಎಂದು ನನಗೆ ಹೇಗೆ ಗೊತ್ತು ಎನ್ನುತ್ತೀರಾ? ನಮ್ಮ ಗರಡಿಯ ಪದದಲ್ಲಿ ನಿಮ್ಮನ್ನು ಹೊಗಳಿ ಹಾಡುತ್ತಾರೆ. ಮೂರು ಚಕ್ರದ ಹಿಂದಿನ ಪರಾಭವ ಸಂವತ್ಸರದಲ್ಲಿ ಹೊಸ ಕಸುವಿನ ಶೀಸೆ ಊರಿಗೆ ಬಂತು, ಹಿರಿಯರು ತಾವು ಮುಟ್ಟದೆ ಮೊದಲ ಪಾಲನ್ನು ಹನುಮಪ್ಪನ ಅಖಾಡಕ್ಕೆ ಎರೆದರು, ಅಲ್ಲಿಂದ ತೋರಣಹಾಳಕ್ಕೆ ಸೋಲಿಲ್ಲ ಎಂದು. ಆಮೇಲೆ ಬಂದ ಪ್ರತಿಯೊಂದು ಔಷಧಕ್ಕೂ ಅದೇ ಮರ್ಯಾದೆ ಆಯಿತು. ದೇವರಿಗೆ ಕೊಡದೆ ತಿನ್ನಬಾರದೆಂಬ ನಿಮ್ಮ ಒಳ್ಳೆಯತನ ನನ್ನ ಕೂಸಿನ ಎದೆಯಲ್ಲಿ ಬಂದು ಕೂತಿದೆ.

ಶೀಸೆ ಬೇಡ ಎಂದರೆ ನೀವು ಕೇಳುವುದಿಲ್ಲ, ಗೆಲ್ಲುವ ಆಸೆ ನನಗೂ ಗೊತ್ತು. ಬೇಕಾದರೆ ನೀವು ಕುಡಿಯಿರಿ, ಮೈ ನಿಮ್ಮದು, ಸಾವೂ ನಿಮ್ಮದು. ಮಣ್ಣಿಗೆ ಮಾತ್ರ ಎರೆಯಬೇಡಿ. ಮಣ್ಣು ನಿಮ್ಮೊಬ್ಬರದಲ್ಲ.

ಇನ್ನೊಂದು ಕೋರಿಕೆ ಇದೆ, ಇದು ಬಾಳವ್ವನದು. ಬೆಳಿಗ್ಗೆ ನನ್ನ ಕೈ ಹಿಡಿದು, "ಆಯಿ, ಆ ಮಣ್ಣ ನನ್ನ ಎದಿ ಮ್ಯಾಲ ಇಡಬ್ಯಾಡ" ಎಂದಳು. ಹಾಗೆಂದು ಪೈಲ್ವಾನರ ಮಗಳನ್ನು ಬರಿ ಎದೆಯಲ್ಲಿ ಹೇಗೆ ಕಳಿಸಲಿ? ಶೀಸೆಯ ಬಿರಡೆ ತೆಗೆಯುವ ಮೊದಲು, ನಿಮ್ಮ ಅಖಾಡದ ಮಣ್ಣನ್ನು ಒಂದು ಗಡಿಗೆಯಲ್ಲಿ ತುಂಬಿ, ಬಾಯಿಗೆ ಮೇಣ ಹಚ್ಚಿ, ಹನುಮಪ್ಪನ ಗೂಡಿನ ಕೆಳಗೆ ಆಳೆತ್ತರದ ಕುಣಿ ತೋಡಿ ಹೂತಿಡಿ. ಅವಳ ಎದೆಗೆ ಅದರಲ್ಲಿ ಒಂದು ಹಿಡಿ ಸಾಕು.

ಇವತ್ತು ಮಧ್ಯಾಹ್ನ ಅಲ್ಲಿ ಅಗೆದು ನೋಡಿದೆ. ಏನೂ ಇರಲಿಲ್ಲ. ಪತ್ರ ಇನ್ನೂ ಕಳಿಸಿಲ್ಲವಲ್ಲ, ಅದಕ್ಕೇ ಇರಬೇಕು ಎಂದುಕೊಂಡು ಕುಣಿ ಮುಚ್ಚದೆ ಬಂದಿದ್ದೇನೆ. ಈಗ ಕಳಿಸುತ್ತೇನೆ. ನಾಳೆ ಮತ್ತೆ ಅಗೆಯುತ್ತೇನೆ.

ಯಮನವ್ವ