‘ನೆನೆ’ ಬಟನ್

ಮಾರ್ಚ್ 4, ಬೆಳಿಗ್ಗೆ
ಮತ್ತೆ ಅದೇ ಕಥೆ. ಸ್ವಲ್ಪ ಹೊತ್ತು ಆಡಿ ನಿಂತಿದೆ. ಹಿಂಡಿಲ್ಲ. ತೊಟ್ಟಿ ತುಂಬಾ ನೀರು, ಬಟ್ಟೆ ಮುಳುಗಿ ಕೂತಿವೆ. ತಂಗಿ ಪುಟ್ಟಿ ಕೊಡಿಸಿದ ವಾಷಿಂಗ್ ಮೆಷಿನ್. ಅದಕ್ಕೇ ಒಳಗೊಳಗೇ ಖುಷಿ. ಸುಳ್ಳೇಕೆ ಬರೆಯಲಿ.
ಅಮ್ಮ: "ಪುಟ್ಟಿಗೆ ಹೇಳ್ಬೇಡ ಕಣೇ, ನೊಂದ್ಕೋತಾಳೆ."
ಮೊಣಕೈವರೆಗೆ ಒದ್ದೆಯಾಗಿ ನಿಂತವಳು ನಾನು. ನೊಂದುಕೊಳ್ಳುವವಳು ಅವಳು!

ಸಂಜೆ
ನೀರು ಹೋಗುವ ಪೈಪ್ ಬಿಚ್ಚಿದೆ. ಫಿಲ್ಟರಿನಲ್ಲಿ ಒಂದು ಹೇರ್‌ಪಿನ್, ಒಂದಿಷ್ಟು ನೂಲು. ತೆಗೆದು ನಾನೇ ಹಾಕಿ ನೋಡಿದೆ — ಗಿರಗಿರನೆ ತಿರುಗಿತು.
ಅಮ್ಮ ಆಗಲೇ ಫೋನಿನಲ್ಲಿ: "ಪುಟ್ಟೀ, ನಿನ್ನ ಮೆಷಿನ್ನು ಬಂಗಾರ ಕಣೇ!"
ಬಿಚ್ಚಿ ಸರಿಮಾಡಿದವಳ ಸುದ್ದಿಯೇ ಇಲ್ಲ. ಹೊಟ್ಟೆ ಉರಿಯಿತು.

ಮಾರ್ಚ್ 7
ಅಮ್ಮ ಹಾಕಿದಳು. ಮತ್ತೆ ಹಿಂಡದೆ ನಿಂತಿತು. ಹಿಂದಿನ ತಗಡು ಬಿಚ್ಚಿದೆ. ಬೆಲ್ಟ್ ಸರಿಯಾಗಿದೆ. ಬಾಗಿಲಿನ ಲಾಕೂ ಸರಿ. ಮುಚ್ಚಿ ನಾನು ಹಾಕಿದರೆ... ತಿರುಗಿತು! ನನ್ನ ಕೈಗಾದರೆ ತಿರುಗುತ್ತದೆ, ಅಮ್ಮನ ಕೈಗೆ ಇಲ್ಲ. ಮೆಷಿನ್ನಾದರೂ ನನ್ನ ಕಡೆ ಇದೆ ಅಂದುಕೊಂಡೆ.

ಮಾರ್ಚ್ 10
ಇವತ್ತು ಅಮ್ಮ ಬಟ್ಟೆ ಹಾಕುವಾಗ ಪಕ್ಕದಲ್ಲೇ ನಿಂತು ನೋಡಿದೆ. ಬಟ್ಟೆ, ಪುಡಿ, ಬಾಗಿಲು — ಎಲ್ಲಾ ಸರಿ. ಕೊನೆಯಲ್ಲಿ ಇನ್ನೊಂದು ಬಟನ್ ಒತ್ತಿದಳು. ಮೆತ್ತಗೆ, ಮಗುವಿನ ಕೆನ್ನೆ ಮುಟ್ಟುವ ಹಾಗೆ.
ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ತಂಗಿ ಬಂದಿದ್ದಾಗ ಎಲ್ಲಾ ಬಟನ್‌ಗಳ ಮೇಲೂ ಕನ್ನಡದ ಚೀಟಿ ಅಂಟಿಸಿ ಹೋಗಿದ್ದಾಳೆ. ಇದರ ಮೇಲೆ ‘ನೆನೆಸು’ ಅಂತಿರಬೇಕಿತ್ತು. ಜಾಗ ಸಾಲದೆ ‘ನೆನೆ’ ಅಂತಿದೆ.
"ಇದನ್ನ ಯಾಕಮ್ಮ ಒತ್ತಿದೆ?"
"ನೆನೆ ಅಂತ ಬರ್ದಿದಾಳಲ್ಲ ಪುಟ್ಟಿ. ನೆನೀತೀನಿ. ದೂರ ಇರೋ ಮಗು."
ಬಟ್ಟೆ ನೆನೆಸುವ ಬಟನ್ ಅದು! ಒತ್ತಿದರೆ ನೆನೆಸಿಟ್ಟು ನಿಂತುಬಿಡುತ್ತದೆ. ಇನ್ನೊಮ್ಮೆ ಒತ್ತಿದರೆ ಅದು ರದ್ದು. ಇಷ್ಟು ಹೇಳಲು ಬಾಯಿ ತೆರೆದೆ. ಬಂದದ್ದೇ ಬೇರೆ.
"ನನ್ನ ನೆನೆಯಲ್ವಾ?"
"ನೀನು ಕಣ್ಮುಂದೇನೇ ಇದ್ದೀಯಲ್ಲೇ. ನಿನ್ನ ನೆನೆಯೋದೇನು ಬಂತು?"
ಚೀಟಿ ಕೀಳಲು ಉಗುರು ಹಾಕಿದೆ. ಅಮ್ಮ ನೋಡುತ್ತಿದ್ದಳು. ಬಿಟ್ಟೆ. ಆ ಬಟನ್ ಯಾತಕ್ಕೆ ಅಂತ ಹೇಳಲೂ ಇಲ್ಲ. ನಾಳೆಯಿಂದ ಆಫೀಸಿನ ಟ್ರೈನಿಂಗ್, ಬೇರೆ ಊರಲ್ಲಿ. ನೆನೆಯುತ್ತಾ ಇರಲಿ. ಹಿಂಡುವ ಕೆಲಸಕ್ಕೂ ಪುಟ್ಟಿಯನ್ನೇ ಕರೆಯಲಿ.

ಮಾರ್ಚ್ 13, ಹಾಸ್ಟೆಲ್ ರೂಮು
ತಡೆಯಲಾಗಲಿಲ್ಲ, ಫೋನ್ ಮಾಡಿದೆ. ಮೆಷಿನ್ ಒಂದು ನೆಪ.
"ಇವತ್ತು ಚೆನ್ನಾಗಿ ಹಿಂಡ್ತು ಕಣೇ! ಅರ್ಧ ಒಣಗೇ ಬಂತು."
"ಆ ನೆನೆ ಬಟನ್ ಒತ್ತಲಿಲ್ವಾ?"
"ಒತ್ತಿದೆ. ಎರಡು ಸಲ. ಒಂದು ಪುಟ್ಟಿಗೆ, ಒಂದು ನಿಂಗೆ."
ಹೂಂ ಅಂದು ಇಟ್ಟುಬಿಟ್ಟೆ. ಆಮೇಲೆ ಅತ್ತದ್ದನ್ನೂ ಬರೆಯಬೇಕು.
ಆದರೂ... ಮೊದಲು ಪುಟ್ಟಿಗೆ. ಯಾಕೆ? ದೊಡ್ಡವಳು ನಾನಲ್ಲವಾ? ನಾಳೆ ಮನೆಗೆ ಹೋದ ತಕ್ಷಣ ಕೇಳಿಯೇಬಿಡಬೇಕು. ಬೇಡ. ಕೇಳಿದರೆ ಅಮ್ಮ ನಗುತ್ತಾಳೆ. ನಕ್ಕರೆ ನಗಲಿ, ನಾನು ಕೇಳುವವಳೇ.